ಅರ್ಥವಾಗದ ಚಿತ್ರವೂ ಅರ್ಧದಲ್ಲಿ ಎದ್ದುಹೋದವರೂ

ಚಲನಚಿತ್ರವೊಂದನ್ನು ನೋಡುತ್ತ ಕುಳಿತು, ಅರ್ಧ ಗಂಟೆ ಕಳೆದರೂ ತಲೆಬುಡ ತಿಳಿಯದೆ, ಪಕ್ಕದವರ ಮುಖವನ್ನು ಓರೆಗಣ್ಣಿನಿಂದ ನೋಡಿದ ಅನುಭವ ನಿಮಗೂ ಇರಬಹುದು. ಅವರಿಗೆ ಅರ್ಥವಾಗುತ್ತಿದೆಯೋ, ಅಥವಾ ಅವರೂ ನಮ್ಮ ಹಾಗೆಯೇ ಮರ್ಯಾದೆಗಾಗಿ ಕುಳಿತಿದ್ದಾರೆಯೋ ಎಂಬ ಸಂಶಯ ಆ ಹೊತ್ತಿನಲ್ಲಿ ಮೂಡುತ್ತದೆ. ಕೆಲವರು ಎದ್ದುಹೋಗುತ್ತಾರೆ. ಕೆಲವರು ನಿದ್ರಿಸುತ್ತಾರೆ. ಇನ್ನು ಕೆಲವರು ಮನೆಗೆ ಬಂದಮೇಲೂ ಆ ಚಿತ್ರವನ್ನು ತಲೆಯಿಂದ ಕೊಡವಿಕೊಳ್ಳಲಾರದೆ ಎರಡು ದಿನ ಒದ್ದಾಡುತ್ತಾರೆ.

ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಯುವಜನರು ‘ಓರ್ಡೆತ್’ ಎಂಬ ಡೇನಿಷ್ ಚಿತ್ರವನ್ನು ತೋರಿಸಿದರು. ಆ ಹೆಸರಿಗೆ ‘ವಾಕ್ಯ’ ಎಂದರ್ಥ. ಕಾರ್ಲ್ ಡ್ರೇಯರ್ ಎಂಬ ನಿರ್ದೇಶಕ 1955ರಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರ. ಹಳ್ಳಿಯ ಮನೆಯೊಂದರಲ್ಲಿ ಮುದಿ ತಂದೆ, ಮೂವರು ಗಂಡುಮಕ್ಕಳು. ನಡುವಿನವನು ದೈವಶಾಸ್ತ್ರ ಓದಿ ಬುದ್ಧಿಭ್ರಮಣೆಗೆ ಒಳಗಾಗಿ ತಾನೇ ಕ್ರಿಸ್ತನೆಂದು ಹೇಳಿಕೊಂಡು ತಿರುಗುತ್ತಾನೆ. ಪಾತ್ರಗಳು ಬಹಳ ನಿಧಾನವಾಗಿ ನಡೆಯುತ್ತವೆ, ಇನ್ನೂ ನಿಧಾನವಾಗಿ ಮಾತನಾಡುತ್ತವೆ. ಆರಂಭದಲ್ಲಿ ಎಪ್ಪತ್ತು ಮಂದಿಯಾದರೂ ಇದ್ದೆವು. ಮುಗಿದಾಗ ಎಣಿಸಿ ನೋಡಿದೆ, ಹದಿನಾಲ್ಕು ಜನ. ಹೊರಗೆ ಕಾಫಿಯ ಮೇಜಿನ ಬಳಿ ನಮ್ಮ ಉಪದೇಶಿಗಳು ಸಿಟ್ಟಿನಿಂದಲೇ ಕೇಳಿದರು: “ಇಂಥದ್ದನ್ನು ಆರಿಸಿದವರು ಯಾರಪ್ಪಾ?” ಹುಡುಗನೊಬ್ಬ ಮೆಲ್ಲನೆ ಉತ್ತರಿಸಿದ: “ವ್ಯಾಟಿಕನ್ ಪಟ್ಟಿಯಲ್ಲಿದೆ, ಸರ್.”

ಆ ಉತ್ತರ ಉಪದೇಶಿಗಳನ್ನು ಸುಮ್ಮನಾಗಿಸಿತು. ನನ್ನನ್ನು ಮಾತ್ರ ಸುಮ್ಮನಿರಗೊಡಲಿಲ್ಲ. ಅಂಥ ಪಟ್ಟಿಯೊಂದು ಹೇಗೆ ಹುಟ್ಟಿತು, ಅದರೊಳಗೆ ಇಂಥ ಚಿತ್ರಗಳು ಹೇಗೆ ಸೇರಿದವು ಎಂದು ಹುಡುಕುತ್ತ ಹೋದವನಿಗೆ, ಅರ್ಥವಾಗದ ಚಿತ್ರಗಳ ವಿಷಯದಲ್ಲಿ ನಮ್ಮ ಧರ್ಮಸಭೆಯೊಳಗೇ ನಡೆದ ಒಂದು ದೀರ್ಘ ಜಗಳದ ಕಥೆ ಕೈಗೆ ಸಿಕ್ಕಿತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಜನರಿಂದ ಹಣ ಪಡೆದು ಚಲನಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಅದರ ನೂರನೆಯ ವರ್ಷದಲ್ಲಿ, ಅಂದರೆ 1995ರಲ್ಲಿ, ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಾಧ್ಯಮಗಳ ಮಂಡಳಿಯು 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳು, ಒಂದೊಂದರಲ್ಲಿ 15 ಚಿತ್ರಗಳು. ‘ಬೆನ್ ಹರ್’, ‘ಗಾಂಧಿ’, ‘ಬೈಸಿಕಲ್ ಥೀವ್ಸ್’ ಮೊದಲಾದವು ಅದರಲ್ಲಿರುವುದು ಯಾರಿಗೂ ಅಚ್ಚರಿ ತರುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಫೆಲಿನಿಯ ‘ಎಂಟೂವರೆ’ ಇದೆ. ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ ಇದೆ. ತಾರ್ಕೋವ್‌ಸ್ಕಿಯ ‘ಆಂದ್ರೇಯ್ ರುಬ್ಲ್ಯೋವ್’ ಮತ್ತು ‘ಬಲಿದಾನ’ ಇವೆ. ದೇವರನ್ನು ನಂಬೆನೆಂದು ಜೀವಮಾನವಿಡೀ ಹೇಳಿಕೊಂಡ ಬುನ್ಯುಯೆಲ್‌ನ ‘ನಜರೀನ್’ ಕೂಡ ಇದೆ. ಇವುಗಳಲ್ಲಿ ಹೆಚ್ಚಿನವನ್ನು ಒಮ್ಮೆ ನೋಡಿ ಪೂರ್ತಿ ಅರ್ಥವಾಯಿತೆಂದು ಹೇಳುವವರನ್ನು ನಾನು ನಂಬುವುದಿಲ್ಲ.

ಹಾಗೆಂದು ಧರ್ಮಸಭೆ ಮೊದಲಿನಿಂದಲೂ ಇಷ್ಟು ತೆರೆದ ಮನಸ್ಸಿನಿಂದ ಇತ್ತೆಂದು ಭಾವಿಸಬೇಡಿ. ಜಗದ್ಗುರು ಹನ್ನೊಂದನೆಯ ಪಯಸ್ 1936ರ ಜೂನ್ 29ರಂದು ಚಲನಚಿತ್ರಗಳನ್ನು ಕುರಿತು ‘ವಿಜಿಲಾಂತಿ ಕೂರಾ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಕೆಟ್ಟ ಚಿತ್ರಗಳಿಂದ ದೂರವಿರುವೆವೆಂದು ಭಕ್ತಾದಿಗಳಿಂದ ಪ್ರತಿವರ್ಷ ಪ್ರತಿಜ್ಞೆ ಪಡೆಯಬೇಕು, ಪ್ರತಿಯೊಂದು ದೇಶದಲ್ಲಿಯೂ ಚಿತ್ರಗಳನ್ನು ವಿಂಗಡಿಸಿ ಪಟ್ಟಿಮಾಡುವ ಕಚೇರಿ ಇರಬೇಕು ಎಂಬುದು ಅದರ ಆದೇಶ. ಇಂದು ನಗಬೇಡಿ. ಮಕ್ಕಳು ಏನು ನೋಡುತ್ತಿದ್ದಾರೆಂಬ ಚಿಂತೆ ಅಂದಿನ ತಾಯ್ತಂದೆಯರಿಗೂ ಇತ್ತು, ಕೈಯಲ್ಲಿ ಫೋನು ಹಿಡಿದ ಮಗನನ್ನು ನೋಡುವ ಇಂದಿನ ತಾಯಿಗೂ ಇದೆ. ಇಟಲಿಯಲ್ಲಿ ಇದು ಬರಿಯ ಉಪದೇಶವಾಗಿ ಉಳಿಯಲಿಲ್ಲ. ಅಲ್ಲಿ ಧರ್ಮಕೇಂದ್ರಗಳಿಗೆ ಸೇರಿದ ಚಿತ್ರಮಂದಿರಗಳೇ ಸಾವಿರಾರು ಇದ್ದವು. ಕಥೋಲಿಕ ಚಿತ್ರಕೇಂದ್ರವು ಒಂದು ಚಿತ್ರವನ್ನು ‘ಎಲ್ಲರಿಗೂ ನಿಷಿದ್ಧ’ ಎಂದು ಬರೆದರೆ ಆ ಮಂದಿರಗಳಷ್ಟೂ ಅದಕ್ಕೆ ಬಾಗಿಲು ಮುಚ್ಚುತ್ತಿದ್ದವು.

ಇಂಥ ವಿಂಗಡಣೆಯಲ್ಲಿ ನೇರ ಕಥೆಯ ಚಿತ್ರಗಳು ಹೇಗೋ ಪಾರಾಗುತ್ತವೆ. ಕೆಟ್ಟವನಿಗೆ ಶಿಕ್ಷೆಯಾಯಿತೇ, ಒಳ್ಳೆಯವನು ಗೆದ್ದನೇ ಎಂದು ಗುರುತು ಹಾಕುವುದು ಸುಲಭ. ಒಗಟಿನಂಥ ಚಿತ್ರದ ಪಾಡು ಬೇರೆ. ತೆರೆಯ ಮೇಲೆ ಏನು ಕಾಣಿಸಿತು ಎಂದು ಬರೆದುಕೊಳ್ಳಬಹುದು. ಅದನ್ನು ಏತಕ್ಕಾಗಿ ಕಾಣಿಸಿದರು ಎಂಬುದಕ್ಕೆ ಆ ನಮೂನೆಯಲ್ಲಿ ಜಾಗವೇ ಇರುವುದಿಲ್ಲ.

ಈ ಕೊರತೆ ಬಯಲಿಗೆ ಬಂದದ್ದು 1960ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಫೆಲಿನಿಯ ‘ಲಾ ದೋಲ್ಚೆ ವೀತಾ’ ಬಿಡುಗಡೆಯಾಯಿತು. ಹೆಲಿಕಾಪ್ಟರೊಂದು ಕ್ರಿಸ್ತನ ಪ್ರತಿಮೆಯನ್ನು ತೂಗಿಕೊಂಡು ರೋಮ್ ನಗರದ ಮೇಲೆ ಹಾರಿಹೋಗುವ ದೃಶ್ಯದಿಂದ ಚಿತ್ರ ಆರಂಭವಾಗುತ್ತದೆ. ಮುಂದೆ ಮೂರು ಗಂಟೆ ಕಾಲ ಒಬ್ಬ ಪತ್ರಕರ್ತ ರಾತ್ರಿಯಿಂದ ರಾತ್ರಿಗೆ, ಔತಣದಿಂದ ಔತಣಕ್ಕೆ ಅಲೆಯುತ್ತಾನೆ. ಕಥೆ ಎನ್ನುವುದು ಹೆಚ್ಚೇನೂ ಇಲ್ಲ. ಮಿಲಾನಿನ ಮೊದಲ ಪ್ರದರ್ಶನದಲ್ಲಿ ಸಿಟ್ಟಿಗೆದ್ದ ಪ್ರೇಕ್ಷಕನೊಬ್ಬ ಫೆಲಿನಿಯ ಮೇಲೆ ಉಗುಳಿದ. ವ್ಯಾಟಿಕನ್ನಿನ ದಿನಪತ್ರಿಕೆ ‘ಲೊಸೆರ್ವತೋರೆ ರೊಮಾನೊ’ ಚಿತ್ರವನ್ನು ಉಗ್ರವಾಗಿ ಖಂಡಿಸಿತು. ಕಥೋಲಿಕ ಚಿತ್ರಕೇಂದ್ರ ಅದನ್ನು ‘ನಿಷಿದ್ಧ’ ವರ್ಗಕ್ಕೆ ಸೇರಿಸಿತು.

ಆದರೆ ಚಿತ್ರವನ್ನು ನೋಡಿದ ಗುರುಗಳೆಲ್ಲರೂ ಒಂದೇ ಮಾತನಾಡಲಿಲ್ಲ. ಮಿಲಾನಿನಲ್ಲಿ ಯೇಸುಸಭೆಯವರ ಸಾನ್ ಫೆದೇಲೆ ಎಂಬ ಸಂಸ್ಕೃತಿ ಕೇಂದ್ರವಿದೆ. ಅಲ್ಲಿದ್ದ ವಂದನೀಯ ನಜ್ಜಾರೆನೊ ತದ್ದೇಯಿ ಚಲನಚಿತ್ರವನ್ನು ಗಂಭೀರವಾಗಿ ಅಭ್ಯಾಸ ಮಾಡಿದ್ದವರು. ಈ ಚಿತ್ರ ಪಾಪವನ್ನು ಹೊಗಳುತ್ತಿಲ್ಲ, ಪಾಪದಲ್ಲಿ ಬದುಕುವವರ ಶೂನ್ಯವನ್ನು ತೋರಿಸುತ್ತಿದೆ ಎಂಬ ಅರ್ಥದ ವಿಮರ್ಶೆಯನ್ನು ಅವರು ಬರೆದರು. ಅದಕ್ಕಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ; ಅವರನ್ನು ಮಿಲಾನಿನಿಂದ ದೂರ ಕಳುಹಿಸಲಾಯಿತು. ಅಂದು ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಕಾರ್ಡಿನಲ್ ಮೊಂತೀನಿ, ಮುಂದೆ ಜಗದ್ಗುರು ಆರನೆಯ ಪೌಲರಾದವರು. ಅವರನ್ನು ಕಂಡು ವಿವರಿಸಬೇಕೆಂದು ಫೆಲಿನಿ ಯತ್ನಿಸಿದರೂ ಭೇಟಿ ದೊರೆಯಲಿಲ್ಲ. ಇದೇ ಸಮಯದಲ್ಲಿ ಜೆನೋವಾ ನಗರದಲ್ಲಿ ಬೇರೊಂದು ದೃಶ್ಯ. ಅಲ್ಲಿಯ ಕಾರ್ಡಿನಲ್ ಸೀರಿ ಸಂಪ್ರದಾಯವಾದಿಗಳೆಂದು ಹೆಸರಾದವರು. ಆಂಜೆಲೊ ಆರ್ಪಾ ಎಂಬ ಇನ್ನೊಬ್ಬ ಯೇಸುಸಭೆಯ ಗುರು, ಫೆಲಿನಿಯ ಗೆಳೆಯರು, ಕಾರ್ಡಿನಲರಿಗೆ ಚಿತ್ರವನ್ನು ಖಾಸಗಿಯಾಗಿ ತೋರಿಸಿದರು. ಸೀರಿಯವರು ಅದರಲ್ಲಿ ದೋಷ ಕಾಣಲಿಲ್ಲ. ಒಂದೇ ಚಿತ್ರ, ಒಂದೇ ಧರ್ಮಸಭೆ, ಇಬ್ಬರು ಕಾರ್ಡಿನಲರು. ಯಾರು ಪ್ರಗತಿಪರರು, ಯಾರು ಸಂಪ್ರದಾಯಸ್ಥರು ಎಂದು ಹಣೆಪಟ್ಟಿ ಹಚ್ಚಿ ಲೆಕ್ಕ ಹಾಕುವವರಿಗೆ ಈ ಘಟನೆ ತೊಡಕಾಗಿಯೇ ಉಳಿಯುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅಂತೋನಿಯೋನಿಯ ‘ಲಾವೆಂತೂರಾ’ ತೆರೆಕಂಡಿತು. ಗೆಳೆಯರ ಗುಂಪು ದ್ವೀಪವೊಂದಕ್ಕೆ ವಿಹಾರ ಹೋಗುತ್ತದೆ, ಆನ್ನಾ ಎಂಬ ಯುವತಿ ಕಾಣೆಯಾಗುತ್ತಾಳೆ, ಹುಡುಕುತ್ತಾರೆ, ಚಿತ್ರ ಮುಗಿಯುವವರೆಗೂ ಅವಳು ಸಿಗುವುದಿಲ್ಲ. ಏನಾದಳೆಂದೂ ಯಾರೂ ಹೇಳುವುದಿಲ್ಲ. ಹುಡುಕುವವರೇ ಅವಳನ್ನು ಮೆಲ್ಲಮೆಲ್ಲನೆ ಮರೆತುಬಿಡುತ್ತಾರೆ. ಸಭಾಂಗಣದಲ್ಲಿ ಸಿಳ್ಳೆ, ಅಪಹಾಸ್ಯದ ನಗು. ನಾಯಕಿ ಮೋನಿಕಾ ವಿತ್ತಿ ಕಣ್ಣೀರಿಡುತ್ತ ಹೊರಬಂದಳು. ಮರುದಿನ ಬೆಳಗ್ಗೆ ರೊಸ್ಸೆಲ್ಲೀನಿಯೂ ಸೇರಿದಂತೆ ಹಲವು ಚಿತ್ರಕರ್ಮಿಗಳೂ ವಿಮರ್ಶಕರೂ ಸಹಿಹಾಕಿದ ಬೆಂಬಲದ ಪತ್ರವೊಂದು ಹೊರಬಂತು. ಉತ್ಸವದ ಕೊನೆಯಲ್ಲಿ ಈ ಚಿತ್ರಕ್ಕೆ ತೀರ್ಪುಗಾರರ ಬಹುಮಾನ, ಫೆಲಿನಿಯ ಚಿತ್ರಕ್ಕೆ ಅತ್ಯುನ್ನತವಾದ ಬಂಗಾರದ ಗರಿ. ಬಹುಮಾನ ಬಂದೊಡನೆ ಚಿತ್ರ ಒಳ್ಳೆಯದಾಗಿಬಿಡುವುದಿಲ್ಲ, ನಿಜ. ಸಿಳ್ಳೆ ಹಾಕಿದವರ ಬೇಸರವೂ ಸುಳ್ಳಿನದಾಗಿರಲಿಲ್ಲ. ನಾನು ಕೂಡ ಮೊದಲ ಸಲ ಆನ್ನಾಳಿಗಾಗಿ ಕೊನೆಯವರೆಗೂ ಕಾದು ಕುಳಿತು ಮೋಸಹೋದವನೇ. ಅವಳಿಗಾಗಿ ಕಾಯುತ್ತಿದ್ದವನು ನಾನೊಬ್ಬನೇ, ತೆರೆಯ ಮೇಲಿನವರು ಯಾರೂ ಕಾಯುತ್ತಿರಲಿಲ್ಲ ಎಂದು ಹೊಳೆದದ್ದು ಎರಡನೆಯ ಸಲ. ಆಗ ಆ ಚಿತ್ರ ಭಯ ಹುಟ್ಟಿಸಿತು.

ಈಗ ‘ಎಂಟೂವರೆ’ಗೆ ಬರೋಣ. ಹೆಸರೇ ವಿಚಿತ್ರ. ಅದುವರೆಗೆ ಫೆಲಿನಿ ತೆಗೆದಿದ್ದ ಪೂರ್ಣ ಚಿತ್ರಗಳು ಆರು, ಬೇರೆಯವರೊಡನೆ ಕೂಡಿ ನಿರ್ದೇಶಿಸಿದ್ದು ಒಂದು, ಗುಚ್ಛಗಳಲ್ಲಿ ಸೇರಿದ ಕಿರುಚಿತ್ರಗಳು ಎರಡು. ಜೊತೆಯಾಗಿ ಮಾಡಿದ್ದಕ್ಕೂ ಕಿರುಚಿತ್ರಗಳಿಗೂ ಅರ್ಧರ್ಧ ಎಂದು ಲೆಕ್ಕ ಹಾಕಿದರೆ ಏಳೂವರೆ. ಹಾಗಾಗಿ ಇದು ಎಂಟೂವರೆ! 1963ರಲ್ಲಿ ಬಿಡುಗಡೆಯಾದ ಈ ಚಿತ್ರದ ನಾಯಕ ಗ್ವಿದೊ ಒಬ್ಬ ನಿರ್ದೇಶಕ. ಹೊಸ ಚಿತ್ರ ಆರಂಭಿಸಬೇಕು, ಹಣ ಹೂಡಿದವರು ಕಾಯುತ್ತಿದ್ದಾರೆ, ಎತ್ತರವಾದ ಕಟ್ಟಣೆಯನ್ನೂ ಕಟ್ಟಿಸಲಾಗಿದೆ. ಆದರೆ ಅವನಿಗೆ ಹೇಳಲು ಏನೂ ಉಳಿದಿಲ್ಲ. ಮೊದಲ ದೃಶ್ಯದಲ್ಲಿಯೇ ವಾಹನಗಳ ದಟ್ಟಣೆಯ ನಡುವೆ ಕಾರಿನೊಳಗೆ ಉಸಿರುಕಟ್ಟಿ ಒದ್ದಾಡುವ ವ್ಯಕ್ತಿ ಹೊರಬಂದು ಆಕಾಶಕ್ಕೆ ಹಾರುತ್ತಾನೆ. ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಯಾರೋ ಕೆಳಗೆಳೆಯುತ್ತಾರೆ. ಕನಸು, ಬಾಲ್ಯದ ನೆನಪು, ಎಚ್ಚರ ಇವುಗಳ ನಡುವೆ ಬೇಲಿಯೇ ಇಲ್ಲ. ಇದು ಕನಸು, ಇದು ನಿಜ ಎಂದು ತಿಳಿಸುವ ಯಾವ ಗುರುತನ್ನೂ ನಿರ್ದೇಶಕ ಕೊಡುವುದಿಲ್ಲ. ಗೊಂದಲ ಹುಟ್ಟುವುದು ಅಲ್ಲಿಯೇ.

ಓದುಗರೇ, ಈ ಚಿತ್ರವನ್ನು ನೋಡುವ ಉಪಾಯವೊಂದನ್ನು ಹೇಳುತ್ತೇನೆ. ಮುಂದೇನಾಗುತ್ತದೆ ಎಂದು ಕೇಳದೆ, ಈ ಮನುಷ್ಯ ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಕೇಳುತ್ತ ಹೋಗಿ. ಹೆಂಡತಿಗೆ ಸುಳ್ಳು ಹೇಳುತ್ತಾನೆ, ಪ್ರೇಯಸಿಗೆ ಸುಳ್ಳು ಹೇಳುತ್ತಾನೆ, ಹಣ ಕೊಟ್ಟವನಿಗೂ ಸುಳ್ಳು ಹೇಳುತ್ತಾನೆ. ಆರೋಗ್ಯಧಾಮದ ಹಬೆಯ ಕೋಣೆಯಲ್ಲಿ ವೃದ್ಧ ಕಾರ್ಡಿನಲರೊಬ್ಬರನ್ನು ಕಂಡು ತಾನು ಸುಖಿಯಾಗಿಲ್ಲವೆಂದು ತೋಡಿಕೊಂಡರೆ, ಸುಖಿಯಾಗಿರಬೇಕೆಂದು ಯಾರು ಹೇಳಿದರು ಎಂಬಂಥ ಉತ್ತರ ಬರುತ್ತದೆ. ಹಲವರು ಇದನ್ನು ಧರ್ಮಸಭೆಯ ಅಣಕವೆಂದು ಓದಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಆ ಚಿತ್ರದಲ್ಲಿ ಗ್ವಿದೊನನ್ನು ಮೆಚ್ಚಿಸಲು ಯತ್ನಿಸದೆ ಮಾತನಾಡುವ ಕೆಲವೇ ಮಂದಿಯಲ್ಲಿ ಆ ಮುದುಕರೊಬ್ಬರು. ಕಡೆಗೆ ಅವನ ಬದುಕಿನಲ್ಲಿ ಬಂದವರೆಲ್ಲರೂ, ತೀರಿಹೋದ ತಂದೆತಾಯಿಗಳೂ ಸೇರಿ, ಕೈಕೈ ಹಿಡಿದು ಸುತ್ತು ಕುಣಿಯುತ್ತಾರೆ; ಅವನೂ ಹೆಂಡತಿಯ ಕೈಹಿಡಿದು ಆ ಸುತ್ತಿನೊಳಗೆ ಸೇರುತ್ತಾನೆ. ಆ ಕುಣಿತ ಕನಸೋ, ಸಾವೋ, ಕ್ಷಮೆಯೋ ಎಂದು ಮೂರು ಸಲ ನೋಡಿದಮೇಲೂ ನನ್ನಿಂದ ಹೇಳಲಾಗದು. ವ್ಯಾಟಿಕನ್ ಪಟ್ಟಿಯಲ್ಲಿ ‘ಎಂಟೂವರೆ’ಯೂ ಫೆಲಿನಿಯ ‘ಲಾ ಸ್ತ್ರಾದಾ’ವೂ ಕಲೆಯ ವಿಭಾಗದಲ್ಲಿ ಸೇರಿದವು. ‘ಲಾ ದೋಲ್ಚೆ ವೀತಾ’ ಮಾತ್ರ 1995ರಲ್ಲಿಯೂ ಹೊರಗೇ ಉಳಿಯಿತು.

ಗೊಂದಲವೆಂಬುದು ಪರದೇಶದ ಪಂಡಿತರಿಗಷ್ಟೇ ಮೀಸಲೆಂದು ತಿಳಿಯಬೇಡಿ. 1998ರಲ್ಲಿ ನಮ್ಮ ಉಪೇಂದ್ರ ಕಥೆಯನ್ನು ಹಿಂದುಮುಂದಾಗಿ ಜೋಡಿಸಿ ‘ಎ’ ಎಂಬ ಚಿತ್ರ ತೆಗೆದಾಗ ಕನ್ನಡದ ಜನ ಬೈದುಕೊಂಡೇ ಎರಡನೆಯ ಸಲ ಟಿಕೆಟು ಕೊಂಡರು. ಅದು ಬೇರೆಯದೇ ಆಟ. ಅಲ್ಲಿ ಬಿಡಿಸಬೇಕಾದ ಕಗ್ಗಂಟಿತ್ತು, ಬಿಡಿಸಿದ ಮೇಲೆ ತೃಪ್ತಿಯೂ ಇತ್ತು. ಫೆಲಿನಿಯಲ್ಲಿ ಬಿಡಿಸಿದರೂ ಕೈಗೆ ಉತ್ತರ ಸಿಗುವುದಿಲ್ಲ.

ಜಗಳದ ಇನ್ನೊಂದು ಅಧ್ಯಾಯ ಪಸೋಲಿನಿಯದು. ಪಿಯೆರ್ ಪಾವ್ಲೊ ಪಸೋಲಿನಿ ಕವಿ, ಮಾರ್ಕ್ಸ್‌ವಾದಿ, ದೇವರಲ್ಲಿ ವಿಶ್ವಾಸವಿಲ್ಲವೆಂದು ಹೇಳಿಕೊಂಡವನು. 1962ರ ಅಕ್ಟೋಬರ್ 4ರಂದು, ಮಹಾಸಭೆಯ ಆರಂಭಕ್ಕೆ ಒಂದು ವಾರ ಮುಂಚೆ, ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅಸಿಸಿಗೆ ಬಂದರು. ಕ್ರೈಸ್ತ ಸಂಘವೊಂದರ ಅತಿಥಿಯಾಗಿ ಪಸೋಲಿನಿ ಆಗ ಅಸಿಸಿಯಲ್ಲೇ ಇದ್ದ. ಬೀದಿಗಳೆಲ್ಲ ಜನರಿಂದ ಕಿಕ್ಕಿರಿದಿದ್ದವು. ಕೋಣೆಯಲ್ಲೇ ಉಳಿದ ಅವನಿಗೆ ಹಾಸಿಗೆಯ ಬಳಿ ಶುಭಸಂದೇಶದ ಪ್ರತಿ ಕಾಣಿಸಿತು. ಸಂತ ಮತ್ತಾಯನನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಗುಕ್ಕಿಗೆ ಓದಿದ. ಚಿತ್ರ ತೆಗೆಯುವ ಆಲೋಚನೆ ಹುಟ್ಟಿದ್ದು ಅಲ್ಲಿ. ಆದರೆ ನಡುವೆ, 1963ರ ಮಾರ್ಚಿಯಲ್ಲಿ, ‘ಲಾ ರಿಕೊತ್ತಾ’ ಎಂಬ ಕಿರುಚಿತ್ರಕ್ಕಾಗಿ ಧರ್ಮನಿಂದೆಯ ಅಪರಾಧದ ಮೇಲೆ ನ್ಯಾಯಾಲಯ ಅವನಿಗೆ ನಾಲ್ಕು ತಿಂಗಳ ಸಜೆ ವಿಧಿಸಿತು. ಶಿಲುಬೆಯ ದೃಶ್ಯದಲ್ಲಿ ಒಳ್ಳೆಯ ಕಳ್ಳನ ಪಾತ್ರ ವಹಿಸುವ ಹಸಿದ ಬಡವನೊಬ್ಬ, ಒಮ್ಮೆಲೇ ಸಿಕ್ಕಿದ ಊಟವನ್ನು ಅತಿಯಾಗಿ ತಿಂದು ಶಿಲುಬೆಯ ಮೇಲೆಯೇ ಸಾಯುವ ಕಥೆ ಅದು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು.

ಮರುವರ್ಷ, 1964ರಲ್ಲಿ, ‘ಮತ್ತಾಯನ ಶುಭಸಂದೇಶ’ ವೆನಿಸ್ ಉತ್ಸವಕ್ಕೆ ಬಂತು. ಅಷ್ಟರಲ್ಲಿ ತೀರಿಹೋಗಿದ್ದ ಇಪ್ಪತ್ತಮೂರನೆಯ ಜಾನ್‌ರ ಸ್ಮರಣೆಗೆ ಅದನ್ನು ಅರ್ಪಿಸಲಾಗಿತ್ತು. ಇಂಗ್ಲಿಷಿನಲ್ಲಿ ಹೆಸರಿಗೆ ‘ಸಂತ’ ಎಂದು ಸೇರಿಸಿದ್ದನ್ನು ಪಸೋಲಿನಿ ಒಪ್ಪಲಿಲ್ಲ. ನಮಗೆ ಪರಿಚಿತವಾದ ಯೇಸುವಿನ ಚಿತ್ರಗಳೊಡನೆ ಹೋಲಿಸಿದರೆ ಇದು ಬಹಳ ವಿಚಿತ್ರವಾಗಿ ಕಾಣುತ್ತದೆ. ಯೇಸುವಾಗಿ ನಟಿಸಿದವನು ಎನ್ರೀಕೆ ಇರಾಸೋಕಿ ಎಂಬ 19 ವರ್ಷದ ಸ್ಪೇನಿನ ವಿದ್ಯಾರ್ಥಿ. ಇವನು ಮೆಲ್ಲನೆ ನಡೆಯುವ, ಮೃದುವಾಗಿ ನುಡಿಯುವ ಯೇಸು ಅಲ್ಲ. ರೈತರ ನಡುವೆ ಬಿರುಸಾಗಿ ನಡೆಯುತ್ತ ಹಿಂದಿರುಗಿ ನೋಡಿ ಮಾತು ಎಸೆಯುತ್ತಾನೆ. ಆಡುವ ಮಾತುಗಳೆಲ್ಲ ಶುಭಸಂದೇಶದವೇ. ದಕ್ಷಿಣ ಇಟಲಿಯ ಮಾತೇರಾದ ಬಡ ಕಲ್ಲುಮನೆಗಳೇ ಜೆರುಸಲೇಮ್. ಬಾಖ್‌ನ ಸಂಗೀತದ ಪಕ್ಕದಲ್ಲಿ ಅಮೆರಿಕದ ಕರಿಯರ ಭಕ್ತಿಗೀತೆ, ಕಾಂಗೋ ದೇಶದ ಬಲಿಪೂಜೆಯ ಗಾನ. ಶಿಲುಬೆಯ ಕೆಳಗೆ ನಿಂತ ಮುಪ್ಪಿನ ಮರಿಯಮ್ಮನಾಗಿ ನಟಿಸಿದವರು ಪಸೋಲಿನಿಯ ಸ್ವಂತ ತಾಯಿ ಸುಸಾನ್ನಾ. ಯುದ್ಧಕಾಲದಲ್ಲಿ ಒಬ್ಬ ಮಗನನ್ನು ಕಳೆದುಕೊಂಡಿದ್ದ ತಾಯಿ ಆಕೆ. ಅದನ್ನು ತಿಳಿದು ಆ ದೃಶ್ಯ ನೋಡುವುದು ಕಷ್ಟ.

ಆ ಚಿತ್ರಕ್ಕೆ ಬಹುಮಾನ ಕೊಟ್ಟವರಲ್ಲಿ ಅಂತರರಾಷ್ಟ್ರೀಯ ಕಥೋಲಿಕ ಚಲನಚಿತ್ರ ಸಂಸ್ಥೆಯೂ ಒಂದು. 1928ರಲ್ಲಿ ಹುಟ್ಟಿದ ಸಂಸ್ಥೆ ಅದು; 2001ರಲ್ಲಿ ಬಾನುಲಿ ಮತ್ತು ದೂರದರ್ಶನದ ಕಥೋಲಿಕ ಸಂಸ್ಥೆಯೊಡನೆ ಕೂಡಿ ‘ಸಿಗ್ನಿಸ್’ ಎಂಬ ಹೆಸರು ತಳೆಯಿತು. ಆ ಕಾಲದಲ್ಲಿ ಅದರ ಅಧ್ಯಕ್ಷರಾಗಿದ್ದವರು ಲಕ್ಸೆಂಬರ್ಗಿನ ಗುರು ಜ್ಯಾನ್ ಬೆರ್ನಾರ್, ನಾಜಿಗಳ ಡಾಖಾವ್ ಶಿಬಿರದಲ್ಲಿ ಸೆರೆಯಿದ್ದು ಬದುಕಿ ಬಂದವರು. ನಾಸ್ತಿಕನ ಚಿತ್ರಕ್ಕೆ ಕಥೋಲಿಕ ಬಹುಮಾನ! ಗೊಣಗಿದವರು ಹಲವರು. ಐವತ್ತು ವರ್ಷಗಳ ಬಳಿಕ, 2014ರಲ್ಲಿ, ಅದೇ ‘ಲೊಸೆರ್ವತೋರೆ ರೊಮಾನೊ’ ಪತ್ರಿಕೆ ಯೇಸುವನ್ನು ಕುರಿತ ಚಿತ್ರಗಳಲ್ಲಿ ಬಹುಶಃ ಇದೇ ಅತ್ಯುತ್ತಮವೆಂದು ಬರೆಯಿತು.

ಆದರೆ 1968ರಲ್ಲಿ ಅದೇ ಸಂಸ್ಥೆಯ ತೀರ್ಪುಗಾರರು ಪಸೋಲಿನಿಯ ‘ತೆಯೊರೆಮಾ’ಕ್ಕೂ ವೆನಿಸ್ಸಿನಲ್ಲಿ ಬಹುಮಾನ ಕೊಟ್ಟಾಗ ದೊಡ್ಡ ಕೋಲಾಹಲವೇ ಎದ್ದಿತು. ಮಿಲಾನಿನ ಸಿರಿವಂತ ಕೈಗಾರಿಕೋದ್ಯಮಿಯ ಮನೆಗೆ ಅಪರಿಚಿತ ಯುವಕನೊಬ್ಬ ಬರುತ್ತಾನೆ. ಮನೆಯ ಪ್ರತಿಯೊಬ್ಬರೂ ಅವನ ಮೋಹಕ್ಕೆ, ದೇಹಸಂಗಕ್ಕೆ ಒಳಗಾಗುತ್ತಾರೆ. ಅವನು ಬಂದ ಹಾಗೆಯೇ ಹೋಗಿಬಿಡುತ್ತಾನೆ. ಉಳಿದವರ ಬದುಕು ಕುಸಿಯುತ್ತದೆ. ಮನೆಗೆಲಸದಾಕೆ ಮಾತ್ರ ಹಳ್ಳಿಗೆ ಮರಳಿ, ತುರಿಕೆಸೊಪ್ಪು ತಿಂದು ಬದುಕುತ್ತ, ಸಂತಳಂತೆ ಪವಾಡ ಮಾಡತೊಡಗುತ್ತಾಳೆ. ಯಜಮಾನ ಕಾರ್ಖಾನೆಯನ್ನು ಕಾರ್ಮಿಕರಿಗೆ ಬಿಟ್ಟುಕೊಟ್ಟು, ರೈಲು ನಿಲ್ದಾಣದಲ್ಲಿ ಬಟ್ಟೆ ಕಳಚಿ, ಬೂದಿಬಣ್ಣದ ಮರುಭೂಮಿಯಲ್ಲಿ ಚೀರುತ್ತ ನಡೆಯುತ್ತಾನೆ. ಆ ಅತಿಥಿ ದೇವರೇ, ಪಿಶಾಚಿಯೇ? ಚಿತ್ರ ಹೇಳುವುದಿಲ್ಲ. ವ್ಯಾಟಿಕನ್ ಪತ್ರಿಕೆ ಖಂಡಿಸಿತು. ಸರ್ಕಾರ ಅಶ್ಲೀಲವೆಂದು ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಯಾಲಯ ಪಸೋಲಿನಿಯನ್ನು ಬಿಡುಗಡೆ ಮಾಡಿತು.

ನನ್ನ ಅಭಿಪ್ರಾಯ ಕೇಳುವಿರಾದರೆ, ‘ತೆಯೊರೆಮಾ’ ನನಗೆ ಇಷ್ಟವಾಗಲಿಲ್ಲ. ಅರ್ಥವಾಗದ ಕಾರಣಕ್ಕಲ್ಲ, ಅರ್ಥವಾದಷ್ಟರಲ್ಲಿಯೂ ಅದು ಮನುಷ್ಯರನ್ನು ಗಣಿತದ ಸಂಖ್ಯೆಗಳಂತೆ ಕಾಣುತ್ತದೆ. ಹೆಸರೂ ‘ಪ್ರಮೇಯ’ವೆಂದೇ ಅಲ್ಲವೇ? ಮಕ್ಕಳೊಡನೆ ಕೂತು ನೋಡುವ ಚಿತ್ರವಂತೂ ಅಲ್ಲ. ಆದರೂ ಅಂದು ಬಹುಮಾನ ಕೊಟ್ಟ ಆ ತೀರ್ಪುಗಾರರನ್ನು ಮೂರ್ಖರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಪವಿತ್ರವಾದುದು ಮನೆಯೊಳಗೆ ಬಂದರೆ ಮನೆ ಹಿಂದಿನಂತೆ ಉಳಿಯುವುದಿಲ್ಲ ಎಂಬ ಮಾತನ್ನು ಅವರು ಅಲ್ಲಿ ಕಂಡಿರಬೇಕು. ಅದನ್ನು ಕಾಣಲು ನನಗೆ ಆಗಲಿಲ್ಲ, ಅಷ್ಟೆ.

ಇಟಲಿಯಲ್ಲಿ ಧರ್ಮದ ಕಾವಲುಗಾರರು ಹೀಗೆ ಗೊಂದಲಪಡುತ್ತಿದ್ದಾಗ, ದೇವರನ್ನೇ ನಿರಾಕರಿಸಿದ ಸೋವಿಯತ್ ಒಕ್ಕೂಟದಲ್ಲಿ ಅಧಿಕಾರಿಗಳು ಆಡುತ್ತಿದ್ದುದೂ ಇದೇ ಬಗೆಯ ಮಾತು: ಜನರಿಗೆ ಅರ್ಥವಾಗುವುದಿಲ್ಲ. ಅಂದ್ರೇಯ್ ತಾರ್ಕೋವ್‌ಸ್ಕಿ 1966ರಲ್ಲಿ ಮುಗಿಸಿದ ‘ಆಂದ್ರೇಯ್ ರುಬ್ಲ್ಯೋವ್’ ವರ್ಷಗಟ್ಟಲೆ ಬೀರುವಿನಲ್ಲಿಯೇ ಉಳಿಯಿತು. 1975ರಲ್ಲಿ ತೆರೆಕಂಡ ‘ಕನ್ನಡಿ’ ಇನ್ನೂ ಕ್ಲಿಷ್ಟ. ಸಾಯುವ ಸ್ಥಿತಿಯಲ್ಲಿರುವ ಒಬ್ಬನ ನೆನಪುಗಳು, ಅವನ ತಾಯಿಯೂ ಹೆಂಡತಿಯೂ ಒಬ್ಬಳೇ ನಟಿ, ನಡುನಡುವೆ ಯುದ್ಧದ ಸುದ್ದಿಚಿತ್ರಗಳು, ನಿರ್ದೇಶಕನ ತಂದೆಯ ದನಿಯಲ್ಲೇ ಅವರ ಕವಿತೆಗಳು. ಕೆಲವೇ ಪ್ರತಿಗಳನ್ನು ಕೆಲವೇ ಮಂದಿರಗಳಲ್ಲಿ ತೋರಿಸಲಾಯಿತು. ಪ್ರೇಕ್ಷಕರು ಬರೆದ ಪತ್ರಗಳ ಬಗ್ಗೆ ತಾರ್ಕೋವ್‌ಸ್ಕಿ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಲೆನಿನ್‌ಗ್ರಾಡಿನ ಇಂಜಿನಿಯರ್ ಮಹಿಳೆಯೊಬ್ಬಳು, ಅರ್ಥಮಾಡಿಕೊಳ್ಳಲು ಪ್ರಾಮಾಣಿಕವಾಗಿ ಯತ್ನಿಸಿ ಅರ್ಧ ಗಂಟೆಯಲ್ಲಿ ತಲೆನೋವು ಬಂದಿತೆಂದು ದೂರಿದ್ದಳು. ಗೋರ್ಕಿ ನಗರದ ಇನ್ನೊಬ್ಬಳು, ತನ್ನ ಬಾಲ್ಯವೂ ಹೀಗೆಯೇ ಇತ್ತು, ಅದು ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದ್ದಳು. ಎರಡೂ ಪತ್ರಗಳನ್ನು ಅವನು ಪುಸ್ತಕದ ಆರಂಭದಲ್ಲಿಯೇ ಇಟ್ಟದ್ದು ನನಗೆ ಮೆಚ್ಚಿಕೆಯಾಯಿತು.

ಅವನು ಹೇಳುತ್ತಿದ್ದ ಇನ್ನೊಂದು ಪ್ರಸಂಗವಿದೆ. ‘ಕನ್ನಡಿ’ಯ ಪ್ರದರ್ಶನ ಮುಗಿದಮೇಲೆ ಚರ್ಚೆ ಬಹಳ ಹೊತ್ತು ಎಳೆಯಿತಂತೆ. ಕಸ ಗುಡಿಸುವಾಕೆ ಬಂದು, ಎಲ್ಲರೂ ಏಳಿ, ನನಗೆ ಕೆಲಸವಿದೆ ಎಂದಳು. ನಾವು ಕಷ್ಟದ ಚಿತ್ರವೊಂದನ್ನು ಚರ್ಚಿಸುತ್ತಿದ್ದೇವೆ ಎಂದರೆ, ಅದರಲ್ಲೇನು ಕಷ್ಟ ಎಂದಳಂತೆ ಆಕೆ: ಒಬ್ಬ ಮನುಷ್ಯ ಕಾಯಿಲೆ ಬಿದ್ದ, ಸಾಯುವೆನೆಂದು ಹೆದರಿದ, ತಾನು ಇತರರಿಗೆ ಕೊಟ್ಟ ನೋವುಗಳೆಲ್ಲ ನೆನಪಾದವು, ಕ್ಷಮೆ ಕೇಳಬೇಕೆನ್ನಿಸಿತು. ಪಾಪನಿವೇದನೆಯ ಪೀಠದ ಬಳಿ ಮೊಣಕಾಲೂರಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಕೊನೆಯ ಚಿತ್ರ ‘ಬಲಿದಾನ’ 1986ರದು, ಸ್ವೀಡನ್ನಿನ ಗೊಟ್‌ಲ್ಯಾಂಡ್ ದ್ವೀಪದಲ್ಲಿ ತೆಗೆದದ್ದು. ಆರಂಭದಲ್ಲಿ ತಂದೆಯೊಬ್ಬ ಪುಟ್ಟ ಮಗನೊಡನೆ ಒಣಮರವನ್ನು ನೆಡುತ್ತ, ಒಣಮರಕ್ಕೆ ದಿನವೂ ನೀರೆರೆದು ಮೂರು ವರ್ಷಗಳ ನಂತರ ಅದು ಹೂಬಿಟ್ಟದ್ದನ್ನು ಕಂಡ ಸನ್ಯಾಸಿಯ ಕಥೆ ಹೇಳುತ್ತಾನೆ. ಕೊನೆಯಲ್ಲಿ ಮನೆ ಹೊತ್ತಿ ಉರಿಯುವ ದೃಶ್ಯವನ್ನು ಚಿತ್ರೀಕರಿಸುವಾಗ ಕ್ಯಾಮೆರಾ ಕೆಟ್ಟುಹೋಗಿ, ಮನೆ ಸುಟ್ಟು ಬೂದಿಯಾದರೂ ದೃಶ್ಯ ಕೈಗೆ ಸಿಗಲಿಲ್ಲ. ಮನೆಯನ್ನು ಮತ್ತೆ ಕಟ್ಟಿಸಿ ಮತ್ತೆ ಸುಟ್ಟರು. ಆ ಡಿಸೆಂಬರ್ 29ರಂದು ತಾರ್ಕೋವ್‌ಸ್ಕಿ ಪ್ಯಾರಿಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.

‘ಜನರಿಗೆ ಅರ್ಥವಾಗುವುದಿಲ್ಲ’ ಎಂಬ ಮಾತನ್ನು ಒರೆಗೆ ಹಚ್ಚಿದವರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಆರಂಭಿಸಿ ಕುರೊಸಾವಾ, ಬರ್ಗ್‌ಮನ್, ಸತ್ಯಜಿತ್ ರಾಯ್ ಇವರ ಚಿತ್ರಗಳನ್ನು ಅಡಿಕೆ ತೋಟದ ಜನರ ಮುಂದಿಟ್ಟರು. ಸುಮ್ಮನೆ ತೋರಿಸಿ ಕೈತೊಳೆದುಕೊಳ್ಳಲಿಲ್ಲ. ಕನ್ನಡದಲ್ಲಿ ಪರಿಚಯಿಸಿದರು, ನೋಡಿದಮೇಲೆ ಮಾತನಾಡಲು ಬಿಟ್ಟರು. ಕಲ್ಕತ್ತೆಯಲ್ಲಿ ಕೆನಡಾದಿಂದ ಬಂದ ಯೇಸುಸಭೆಯ ಗುರು ಗಾಸ್ತೋನ್ ರೋಬೆರ್ಜ್ 1970ರಲ್ಲಿ ‘ಚಿತ್ರಬಾಣಿ’ ಕೇಂದ್ರವನ್ನು ಸ್ಥಾಪಿಸಿ ಒಂದು ತಲೆಮಾರಿಗೇ ಚಿತ್ರ ನೋಡುವುದನ್ನು ಕಲಿಸಿದರು. ಸತ್ಯಜಿತ್ ರಾಯ್ ಅವರ ಆಪ್ತರಾಗಿದ್ದ ಅವರು 2020ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿಕೊಂಡ ಮೇಲೆ ಮರುವರ್ಷ ನಮ್ಮ ಸಭಾಂಗಣದಲ್ಲಿ ‘ಓರ್ಡೆತ್’ ಚಿತ್ರವನ್ನು ಮತ್ತೊಮ್ಮೆ ತೋರಿಸುವಂತೆ ಯುವಜನರನ್ನು ಕೇಳಿಕೊಂಡೆ. ಹತ್ತು ನಿಮಿಷ ಕನ್ನಡದಲ್ಲಿ ಹಿನ್ನೆಲೆ ಹೇಳಿದೆ: ಮೂಲ ನಾಟಕ ಬರೆದ ಕಾಯ್ ಮುಂಕ್ ಒಬ್ಬ ಲೂಥರನ್ ಸಭಾಪಾಲಕ, 1944ರಲ್ಲಿ ನಾಜಿಗಳು ಅ‌ವನನ್ನು ಕೊಂದರು, ಈ ಚಿತ್ರದಲ್ಲಿ ಎಲ್ಲರೂ ದೇವರ ಬಗ್ಗೆ ಮಾತನಾಡುತ್ತಾರೆ, ಕೇಳಿದರೆ ದೇವರು ಕೊಡುತ್ತಾನೆಂದು ನಂಬಿದವರು ಯಾರೆಂದು ನೀವೇ ನೋಡಿ. ಈ ಸಲ ಬಂದವರು ಮೂವತ್ತು ಮಂದಿ. ನಡುವೆ ಎದ್ದುಹೋದವರು ಏಳು. ಹೆರಿಗೆಯಲ್ಲಿ ಸತ್ತ ಸೊಸೆಯ ಶವಪೆಟ್ಟಿಗೆಯ ಬಳಿ ಅವಳ ಪುಟ್ಟ ಮಗಳು ಆ ಚಿಕ್ಕಪ್ಪನ ಕೈಹಿಡಿದು ನಿಲ್ಲುವ ಹೊತ್ತಿಗೆ ಸಭಾಂಗಣದಲ್ಲಿ ಕೆಮ್ಮು ಕೂಡ ಕೇಳಿಸಲಿಲ್ಲ.

ಉಪದೇಶಿಗಳು ಬಂದಿರಲಿಲ್ಲ. ಮುಂದಿನ ಭಾನುವಾರ ಪೂಜೆ ಮುಗಿದಮೇಲೆ ಬಾಗಿಲ ಬಳಿ ಎದುರಾದರು. ಇಂಥ ಚಿತ್ರಗಳು ತಮಗೆ ಸೇರುವುದಿಲ್ಲವೆಂದು ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದರು, ನಾನೂ ವಾದಿಸಲಿಲ್ಲ. ಎರಡು ಹೆಜ್ಜೆ ಹೋದವರು ತಿರುಗಿ ನಿಂತು ಕೇಳಿದರು: “ಅಲ್ಲ ಮೇಷ್ಟ್ರೇ, ಆ ಹುಚ್ಚ ಮಗನಿಗೆ ಕೊನೆಗೆ ಬುದ್ಧಿ ಸರಿಹೋಯಿತೇ?”